ಯುದ್ಧದ ನಡುವೆ ಸೈನ್ಯ ಬಿಟ್ಟವರು ತಪ್ಪಿತಸ್ಥರೇ?

ಪ್ರಶ್ನೆ: ಸೊಲ್ಲಾಪುರದ ಕೋಟೆ ನೋಡಲು ಹೋದಾಗ, ಇಂಗ್ಲಿಷರು ಬಂದೊಡನೆ ಪೇಶ್ವೆಯ ಸೈನಿಕರು ಇಲ್ಲಿಂದ ಓಡಿಹೋದರು ಎಂದು ಯಾರೋ ಹೇಳಿದರು. ಯುದ್ಧ ನಡೆಯುತ್ತಿರುವಾಗ ಸೈನ್ಯ ಬಿಟ್ಟು ಹೋಗುವವರನ್ನು ದೂಷಿಸುವುದು ಸರಿಯೇ? ಅವರಿಗೂ ಹೆಂಡತಿ ಮಕ್ಕಳು ಇದ್ದರಲ್ಲವೇ? ಹೀಗೆ ಕೇಳುವುದೇ ತಪ್ಪಾಗಿದ್ದರೆ ಕ್ಷಮಿಸಿ.
— ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಕ್ಷಮೆ ಕೇಳುವಂಥದ್ದು ಇದರಲ್ಲಿ ಏನೂ ಇಲ್ಲ. ಸೈನಿಕರ ಬಗ್ಗೆ ಇಂಥ ಪ್ರಶ್ನೆ ಎತ್ತಿದರೆ ಅಗೌರವವಾದೀತು ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ಆದರೆ ಸೇನೆಯ ಕಾನೂನೇ ಈ ವಿಷಯದಲ್ಲಿ ನಿಮಗಿಂತ ಸೂಕ್ಷ್ಮವಾದ ಪ್ರಶ್ನೆಗಳನ್ನು ಕೇಳುತ್ತದೆ. ನೀವು ಧೈರ್ಯವಾಗಿ ಕೇಳಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಓಡಿಹೋದರು’ ಎಂದಾಗ ನಾವು ಬೇರೆ ಬೇರೆ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಗಂಟು ಕಟ್ಟುತ್ತೇವೆ. ನಾಯಕನೊಂದಿಗೆ ಇಡೀ ಪಡೆ ಹಿಂದೆ ಸರಿದರೆ ಅದು ಹಿಮ್ಮೆಟ್ಟುವಿಕೆ. ಷರತ್ತು ಹಾಕಿ ಆಯುಧ ಕೆಳಗಿಟ್ಟರೆ ಶರಣಾಗತಿ. ರಜೆ ಮುಗಿದ ಮೇಲೂ ಊರಲ್ಲೇ ಉಳಿದರೆ ಅನುಮತಿಯಿಲ್ಲದ ಗೈರುಹಾಜರಿ. ಮರಳಿ ಬರುವ ಉದ್ದೇಶವೇ ಇಲ್ಲದೆ, ಅಥವಾ ಅಪಾಯದ ಕರ್ತವ್ಯದಿಂದ ತಪ್ಪಿಸಿಕೊಳ್ಳಲೆಂದೇ ಹೊರಟುಹೋದರೆ ಮಾತ್ರ ಅದು ನೀವು ಕೇಳುತ್ತಿರುವ ಅಪರಾಧ. ನಮ್ಮ 1950ರ ಸೇನಾ ಕಾಯ್ದೆ ಇವುಗಳ ನಡುವೆ ಸ್ಪಷ್ಟವಾಗಿ ಗೆರೆ ಎಳೆದಿದೆ. ಗೈರುಹಾಜರಿಗೆ 39ನೇ ಕಲಮಿನಡಿ ಹೆಚ್ಚೆಂದರೆ ಮೂರು ವರ್ಷ ಸೆರೆ. ಸೇನೆ ತೊರೆದವನಿಗೆ 38ನೇ ಕಲಮಿನಡಿ ಶಾಂತಿಕಾಲದಲ್ಲಿ ಏಳು ವರ್ಷದವರೆಗೆ ಸೆರೆ. ಯುದ್ಧಸೇವೆಯಲ್ಲಿದ್ದಾಗ ಅಥವಾ ಅದಕ್ಕೆ ಹೊರಡುವ ಆಜ್ಞೆ ಬಂದಿದ್ದಾಗ ಮರಣದಂಡನೆಯವರೆಗೂ ಹೋಗಬಹುದು. ಇಬ್ಬರೂ ಠಾಣೆಯಲ್ಲಿ ಇರಲಿಲ್ಲ ಎಂಬುದು ನಿಜ. ಆದರೆ ಕಾನೂನು ನೋಡುವುದು ಮನಸ್ಸಿನಲ್ಲಿ ಏನಿತ್ತು ಎಂಬುದನ್ನು.

ಈಗ ನಿಮ್ಮ ಕೋಟೆಯ ಕಥೆಗೆ ಬರೋಣ. ಅದು 1818ರದ್ದು. ಎರಡನೇ ಬಾಜೀರಾವ ಪೇಶ್ವೆ ಪುಣೆ ಕಳೆದುಕೊಂಡು ಊರಿಂದೂರಿಗೆ ಅಲೆಯುತ್ತಿದ್ದ ಕಾಲ. ಆ ವರ್ಷದ ಫೆಬ್ರವರಿ 11ರಂದು ಇಂಗ್ಲಿಷರ ಪರವಾಗಿ ಎಲ್ಫಿನ್‌ಸ್ಟನ್ ಸಾತಾರೆಯಿಂದ ಒಂದು ಜಾಹೀರನಾಮೆ ಹೊರಡಿಸಿದ. ಜಮೀನು ಉಳ್ಳವರು ಎರಡು ತಿಂಗಳೊಳಗೆ ಬಾಜೀರಾವನ ಚಾಕರಿ ಬಿಟ್ಟು ತಮ್ಮ ಹಳ್ಳಿಗಳಿಗೆ ಮರಳಬೇಕು, ಮರಳದಿದ್ದವರ ಜಮೀನು ಜಪ್ತಿಯಾಗುತ್ತದೆ ಎಂಬುದು ಅದರ ಸಾರಾಂಶ. ಮರಳದವರ ಹೆಸರು ತಿಳಿಸುವ ಕೆಲಸ ಜಮೀನುದಾರರದು. ಸೈನ್ಯ ಬಿಡಿಸಲು ಗುಂಡಿಗಿಂತ ಹೊಲದ ಆಸೆ ಮೇಲು ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಈ ಕಾಗದ ಯಾರ ಮೇಲೆ ಪರಿಣಾಮ ಮಾಡಬಲ್ಲದು ಎಂದು ನೋಡಿ. ಮರಾಠಾ ಕುದುರೆಸವಾರರಲ್ಲಿ ಬಾರ್ಗೀರನಿಗೆ ಕುದುರೆ ಸರ್ಕಾರದ್ದು. ಶಿಲೇದಾರನಿಗೆ ಅದು ಸ್ವಂತದ್ದು. ಶಿಲೇದಾರನ ಕುದುರೆ ಕಾಳಗದಲ್ಲಿ ಸತ್ತರೆ ಅವನ ಬಂಡವಾಳವೇ ಮುಳುಗಿದಂತೆ, ಮರುದಿನದಿಂದ ನೌಕರಿಯೂ ಇಲ್ಲ. ಊರಲ್ಲಿ ಹೊಲ, ಇಲ್ಲಿ ಕುದುರೆ, ಎರಡೂ ಒಟ್ಟಿಗೆ ಹೋಗುವ ಹೊತ್ತು. ಇನ್ನು ಸ್ವಾಮಿಯಾದರೂ ನಿಂತಿದ್ದನೇ? ಜಾಹೀರನಾಮೆ ಹೊರಟು ಒಂಬತ್ತು ದಿನಕ್ಕೆ, ಫೆಬ್ರವರಿ 20ರಂದು, ಇಂದಿನ ಸೊಲ್ಲಾಪುರ ಜಿಲ್ಲೆಯ ಆಷ್ಟಿಯಲ್ಲಿ ಜನರಲ್ ಸ್ಮಿತ್‌ನ ಪಡೆ ಪೇಶ್ವೆಯ ಬೀಡಿನ ಮೇಲೆ ಎರಗಿತು. ಬಾಜೀರಾವ ಕುದುರೆ ಹತ್ತಿ ಪಾರಾದ. ಅವನು ಪಾರಾಗಲೆಂದೇ ಅಡ್ಡ ನಿಂತ ಸೇನಾಪತಿ ಬಾಪು ಗೋಖಲೆ ಅಲ್ಲೇ ಬಿದ್ದ. ಪೇಶ್ವೆ ತನ್ನ ಜೊತೆಯಲ್ಲಿ ಇಟ್ಟುಕೊಂಡಿದ್ದ ಸಾತಾರೆಯ ಛತ್ರಪತಿ ಪ್ರತಾಪಸಿಂಹ ಇಂಗ್ಲಿಷರ ಕೈಸೇರಿದ.

ಪೇಶ್ವೆಯ ಕಾಲಾಳುಗಳೂ ತೋಪುಗಳೂ ಸೊಲ್ಲಾಪುರದಲ್ಲಿ ಉಳಿದಿದ್ದವು. ಧಾರವಾಡ ಸೀಮೆಯಲ್ಲಿ ಕನ್ನಡದ ಊರುಗಳಿಂದಲೇ ಪ್ಯೂನರ, ಅಂದರೆ ಸ್ಥಳೀಯ ಕಾಲಾಳುಗಳ, ಪಡೆ ಕಟ್ಟಿ ನಾಡು ಹಿಡಿದಿದ್ದ ಇಂಗ್ಲಿಷ್ ಅಧಿಕಾರಿ ಥಾಮಸ್ ಮನ್ರೋ, ಬಾದಾಮಿ, ಬೆಳಗಾವಿ ಗೆದ್ದುಕೊಂಡು ಮೇ ತಿಂಗಳಲ್ಲಿ ಇಲ್ಲಿಗೆ ಬಂದ. ಮೇ 10ರಂದು ಪೇಟೆ ಅವನ ವಶವಾಯಿತು. ಕೋಟೆಯ ಹೊರಗಿದ್ದ, ಪೇಶ್ವೆಯ ಸರದಾರ ಗಣಪತರಾವ ಪಾನಸೆಯ ಪಡೆ ಅಂದೇ ಜಾಗ ಬಿಟ್ಟು ಹೊರಟಿತು. ಇಂಗ್ಲಿಷರ ಕುದುರೆಗಳು ಸೀನಾ ನದಿಯ ಕಡೆಗೆ ಬೆನ್ನಟ್ಟಿ ಬಹಳ ಜನರನ್ನು ಕಡಿದು ಹಾಕಿದವು. ಸಿದ್ಧೇಶ್ವರ ಕೆರೆಯ ಪಕ್ಕದ ಕೋಟೆಯೊಳಗೆ ಇದ್ದವರು ಮಾತ್ರ ತೋಪಿನ ಏಟು ತಿನ್ನುತ್ತಾ ಮೇ 15ರವರೆಗೆ ತಡೆದು ಆಮೇಲೆ ಶರಣಾದರು.

ಹಾಗಾದರೆ ನಿಮಗೆ ಸಿಕ್ಕ ಮಾಹಿತಿ ಅರ್ಧ ಸರಿ. ಸೀನಾ ಕಡೆಗೆ ಹೋದವರದ್ದು ಕೆಟ್ಟ ಹಿಮ್ಮೆಟ್ಟುವಿಕೆ. ಕೋಟೆಯವರದ್ದು ಶರಣಾಗತಿ. ಸೇನೆ ತೊರೆದವರು ಎನ್ನಬೇಕಾದದ್ದು ಜಾಹೀರನಾಮೆಗೆ ಓಗೊಟ್ಟು ನೇಗಿಲಿಗೆ ಮರಳಿದ ಸವಾರರನ್ನು.

ಅವರನ್ನು ದೂಷಿಸಬೇಕೇ? ನನ್ನ ಅಭಿಪ್ರಾಯ ಕೇಳಿದರೆ, ಬಹಳ ಮಟ್ಟಿಗೆ ಇಲ್ಲ. ಸೈನಿಕನ ನಿಷ್ಠೆ ಒಂದು ಕೊಡು-ಕೊಳ್ಳುವ ಸಂಬಂಧ. ಅವನು ಪ್ರಾಣ ಒತ್ತೆ ಇಡುತ್ತಾನೆ. ಎದುರಿಗೆ ಪಗಾರ, ನಾಯಕತ್ವ, ಅರ್ಥವುಳ್ಳ ಆಜ್ಞೆ ಸಿಗಬೇಕು. ಎಲ್ಲರಿಗಿಂತ ಮುಂಚೆ ಕುದುರೆ ಹತ್ತಿದವನು ಪೇಶ್ವೆಯೇ ಆಗಿರುವಾಗ ಆ ಸಂಬಂಧ ಮುರಿದವನು ಸವಾರ ಎನ್ನುವುದು ಕಷ್ಟ. ಬಾಜೀರಾವ ಜೂನ್‌ನಲ್ಲಿ ಇಂಗ್ಲಿಷರ ಸೇನಾಧಿಕಾರಿ ಮಾಲ್ಕಮ್‌ನಿಗೆ ಶರಣಾಗಿ, ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಪಿಂಚಣಿ ಪಡೆದು, ಬಿಠೂರಿನಲ್ಲಿ 1851ರವರೆಗೆ ಬಾಳಿದ. ನಿಮ್ಮ ಅಕ್ಕಲಕೋಟೆ ಸಂಸ್ಥಾನದ್ದೂ ಇಂಥದೇ ಒಂದು ಲೆಕ್ಕ ಇದೆ. 1820ರ ಒಪ್ಪಂದದಂತೆ ಅದು ಸಾತಾರೆಗೆ ಕುದುರೆಪಡೆ ಒದಗಿಸಬೇಕಿತ್ತು. 1868ರಲ್ಲಿ ಆ ಹೊಣೆ ವರ್ಷಕ್ಕೆ 14,592 ರೂಪಾಯಿ ಕಟ್ಟುವುದಕ್ಕೆ ಬದಲಾಯಿತು. ರಾಜರ ಕರ್ತವ್ಯಕ್ಕೆ ರೊಕ್ಕದ ಪರ್ಯಾಯ ಇತ್ತು, ಸವಾರನದಕ್ಕೆ ಇರಲಿಲ್ಲ. ನಿಮ್ಮೂರ ಅರಮನೆಯ ಶಸ್ತ್ರಾಗಾರದಲ್ಲಿ ಸಾಲಾಗಿ ನಿಂತ ಕತ್ತಿ ಬಂದೂಕುಗಳನ್ನು ನೋಡುವಾಗ ಇದು ನೆನಪಾದರೆ ಒಳ್ಳೆಯದು.

ಆದರೆ ಇದನ್ನೇ ಹಿಡಿದು ಎಲ್ಲರನ್ನೂ ಖುಲಾಸೆ ಮಾಡಬೇಡಿ. ರಾತ್ರಿ ಪಹರೆಗೆ ನಿಂತವನೊಬ್ಬ, ಹಿಂದೆ ಹತ್ತು ಮಂದಿ ಅವನನ್ನೇ ನಂಬಿ ಮಲಗಿರುವಾಗ ಜಾಗ ಬಿಟ್ಟು ಜಾರಿಕೊಂಡರೆ, ರಾಜ ಕೆಟ್ಟವನಾಗಿದ್ದ ಎಂಬ ಸಬೂಬು ನಡೆಯದು. ಅವನು ಕೈಬಿಟ್ಟದ್ದು ರಾಜನನ್ನಲ್ಲ, ಆ ಹತ್ತು ಮಂದಿಯನ್ನು. ಅವರಿಗೂ ನೀವು ಹೇಳಿದಂತೆ ಹೆಂಡತಿ ಮಕ್ಕಳು ಇದ್ದರು. ‘ಯಾಕೆ ಹೋದ’ ಎಂಬುದರ ಜೊತೆಗೆ ‘ಯಾರನ್ನು ಬಿಟ್ಟು ಹೋದ’ ಎಂದೂ ಕೇಳಿದರೆ ಹೆಚ್ಚಿನ ಪ್ರಕರಣಗಳು ತಿಳಿಯಾಗುತ್ತವೆ.

ಇನ್ನು ವಿಚಾರಕ್ಕೆ ಉಳಿಯುವವನು ಭಯದಿಂದ ಕುಸಿದವನು. ನಾವು ಉತ್ತರಕುಮಾರನನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಕೌರವ ಸೇನೆ ಕಂಡು ರಥದಿಂದ ಹಾರಿ ಓಡಿದವನನ್ನು ಅರ್ಜುನ ಹಿಡಿದು ತಂದದ್ದು ಎಲ್ಲರಿಗೂ ಗೊತ್ತು. ಶಿಕ್ಷಿಸದೆ ಅವನ ಕೈಗೆ ಲಗಾಮು ಕೊಟ್ಟದ್ದು, ಅದೇ ಹುಡುಗ ಆಮೇಲೆ ಬಾಣಗಳ ನಡುವೆ ಸಾರಥ್ಯ ಮಾಡಿದ್ದು ಅಷ್ಟಾಗಿ ನೆನಪಿರುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಅರ್ಜುನನ ಈ ತಾಳ್ಮೆ ಇರಲಿಲ್ಲ. ಸೇನೆ ತೊರೆದದ್ದು, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಕ್ಕಿ ಕೊಂದ 306 ಮಂದಿಗೆ ಬ್ರಿಟನ್ 2006ರಲ್ಲಿ ಕಾನೂನು ಮಾಡಿ ಕ್ಷಮೆ ನೀಡಿತು. ಅವರಲ್ಲಿ ಕೆಲವರು ತೋಪುಗಳ ಸದ್ದಿಗೆ ಮನಸ್ಸು ಕೆಟ್ಟವರಾಗಿದ್ದರು. ನಮ್ಮ ಸೇನಾ ಕಾಯ್ದೆ ಇಲ್ಲೊಂದು ಕಿಂಡಿ ಬಿಟ್ಟಿದೆ: ಯುದ್ಧಸೇವೆಯ ಹೊತ್ತಿನಲ್ಲಲ್ಲದೆ ಸೇನೆ ತೊರೆದವನು ಆಮೇಲೆ ಮೂರು ವರ್ಷ ಸತತವಾಗಿ ಮಾದರಿ ಸೇವೆ ಸಲ್ಲಿಸಿದ್ದರೆ, ಆ ಹಳೆಯ ತಪ್ಪಿಗೆ ಅವನನ್ನು ವಿಚಾರಣೆಗೆ ಎಳೆಯುವಂತಿಲ್ಲ.

ಹೆಂಡತಿ ಮಕ್ಕಳ ಮಾತು ತೆಗೆದಿದ್ದೀರಿ, ಅದಕ್ಕೂ ಉತ್ತರಿಸಿಬಿಡುತ್ತೇನೆ. ಸೇನೆ ತೊರೆದವನೆಂದು ಗೊತ್ತಿದ್ದೂ ಅವನಿಗೆ ಆಶ್ರಯ ಕೊಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 164ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆಯಾಗಬಹುದು. ಆಶ್ರಯ ಕೊಟ್ಟವರು ಗಂಡ ಅಥವಾ ಹೆಂಡತಿಯಾದರೆ ಮಾತ್ರ ಆ ಕಲಮು ಅನ್ವಯಿಸದು. ಹಳೆಯ ದಂಡಸಂಹಿತೆಯಲ್ಲಿ ಈ ವಿನಾಯಿತಿ ಹೆಂಡತಿಗಷ್ಟೇ ಇತ್ತು, ಹೊಸದರಲ್ಲಿ ಗಂಡನಿಗೂ ಸಿಕ್ಕಿದೆ. ಬಾಗಿಲು ತಟ್ಟಿದ ಮಗನನ್ನು ಒಳಗೆ ಕರೆದುಕೊಂಡ ತಾಯಿಗೆ ಮಾತ್ರ ಆಗಲೂ ವಿನಾಯಿತಿ ಇರಲಿಲ್ಲ, ಈಗಲೂ ಇಲ್ಲ.