ಚೆಂಡು ಒದೆಯುವುದೂ ಒಂದು ನೌಕರಿಯೇ?

ಪ್ರಶ್ನೆ: ನನ್ನ ಮೊಮ್ಮಗಳು ಎಂಟನೆತ್ತೆ ಓದಾಕತ್ತಾಳ್ರಿ. ಸಾಲಿ ಬಿಟ್ಟ ಮ್ಯಾಲ ಗಂಡು ಹುಡುಗೂರ ಜೋಡಿ ಫುಟ್‌ಬಾಲ್ ಆಡತಾಳ. ಮೊನ್ನೆ ಮೊಬೈಲಿನ್ಯಾಗ ಸ್ಕಾಟ್ಲೆಂಡ್ ದೇಶದ ಒಬ್ಬಾಕಿನ್ನ ತೋರಿಸಿ, ‘ಅಜ್ಜಿ, ಇಕಿಗೆ ಇದ ನೌಕರಿ, ಇದಕ್ಕ ಪಗಾರ ಕೊಡತಾರ’ ಅಂದಳು. ಚೆಂಡು ಒದಿಯೂದು ನೌಕರಿ ಆಗತೈತೇನ್ರಿ? ಅದೂ ಹೆಣ್ಣಮಕ್ಕಳಿಗೆ? ಆಕಿ ಅನ್ನೂದು ಖರೇನೋ, ಸಣ್ಣ ಹುಡುಗಿ ಅಂತ ಯಾರರ ಇಲ್ಲದ ಆಸೆ ಹಚ್ಯಾರೋ, ಬಿಡಿಸಿ ಹೇಳ್ರಿ.
— ಓದುಗರೊಬ್ಬರು, ಕಲಘಟಗಿ

ಉತ್ತರ: ಅವ್ವಾರ, ನಿಮ್ಮ ಮೊಮ್ಮಗಳು ಹೇಳಿದ್ದು ಖರೆ. ಇಲ್ಲದ ಆಸೆಯನ್ನು ಯಾರೂ ಹಚ್ಚಿಲ್ಲ. ಆದರೆ ಆ ನೌಕರಿ ಹೇಗೆ ಹುಟ್ಟಿತು, ಅದರಲ್ಲಿ ಎಷ್ಟು ಸಿಹಿ, ಎಷ್ಟು ಕಹಿ ಎನ್ನುವುದನ್ನೂ ನೀವು ತಿಳಿದುಕೊಳ್ಳಬೇಕು. ಮನೆಯ ಹಿರಿಯರು ನೀವು. ಹುಡುಗಿಗೆ ‘ಹೂಂ’ ಅನ್ನುವುದೂ ‘ಊಹೂಂ’ ಅನ್ನುವುದೂ ಬಹಳಷ್ಟು ನಿಮ್ಮ ಕೈಯಲ್ಲೇ ಇದೆ.

ಸ್ಕಾಟ್ಲೆಂಡಿನ ಆಟಗಾರ್ತಿಯರಲ್ಲಿ ದೊಡ್ಡ ಹೆಸರು ಕಿಮ್ ಲಿಟಲ್. 1990ರಲ್ಲಿ ಹುಟ್ಟಿದವರು. ಬೆಳೆದದ್ದು ಮಿಂಟ್‌ಲಾ ಎಂಬ ಊರಿನಲ್ಲಿ. ಅದು ದೇಶದ ಈಶಾನ್ಯ ಮೂಲೆಯ ಹೊಲಗದ್ದೆಗಳ ಸೀಮೆ, ಊರು ನಿಮ್ಮ ಕಲಘಟಗಿಗಿಂತ ಎಷ್ಟೋ ಚಿಕ್ಕದು. ಹದಿನಾರರ ವಯಸ್ಸಿಗೆ ಎಡಿನ್‌ಬರೋ ನಗರದ ಹಿಬರ್ನಿಯನ್ ಕ್ಲಬ್ ಸೇರಿದರು. 2008ರಲ್ಲಿ ಲಂಡನ್ನಿನ ಆರ್ಸೆನಲ್ ಕರೆಯಿತು. 2014ರಲ್ಲಿ ಅಮೆರಿಕದ ಸಿಯಾಟಲ್ ರೇನ್ ತಂಡಕ್ಕೆ ಹೋದರು. ಅಲ್ಲಿ ಮೊದಲ ವರ್ಷವೇ 16 ಗೋಲು ಹೊಡೆದು, ಇಡೀ ಲೀಗಿನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡರು. ನಡುವೆ ಒಂದು ಹಂಗಾಮು ಆಸ್ಟ್ರೇಲಿಯಾದ ಮೆಲ್ಬರ್ನ್ ಸಿಟಿಯಲ್ಲಿ ಆಡಿ, ಮತ್ತೆ ಆರ್ಸೆನಲ್‌ಗೆ ಮರಳಿದರು. ದೇಶದ ಪರ 140 ಪಂದ್ಯ, 59 ಗೋಲು. 2025ರ ಮೇ 24ರಂದು ಲಿಸ್ಬನ್ನಿನಲ್ಲಿ ಆರ್ಸೆನಲ್ ತಂಡ ಬಾರ್ಸಿಲೋನಾವನ್ನು 1–0ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಾಗ, ಮೂವತ್ತನಾಲ್ಕು ತುಂಬಿದ್ದ ಕಿಮ್ ಆ ತಂಡದ ನಾಯಕಿ. ಮೂರು ಖಂಡ, ಹದಿನೆಂಟು ವರ್ಷಕ್ಕೂ ಮೀರಿದ ದುಡಿಮೆ. ನೌಕರಿ ಎಂದರೆ ಇದೇ ಅಲ್ಲವೇ?

ಹಾಗಾದರೆ ಆ ದೇಶದಲ್ಲಿ ಹೆಣ್ಣುಮಕ್ಕಳಿಗೆ ದಾರಿ ಮೊದಲಿನಿಂದಲೂ ಸಲೀಸಾಗಿತ್ತೇ ಎಂದು ಕೇಳಿದರೆ, ಇಲ್ಲ. ಈ ಭಾಗವನ್ನು ಮೊಮ್ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಓದಿರಿ.

1881ರ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಹೆಸರಿನ ಹೆಂಗಸರ ತಂಡಗಳು ಆಡಿದವು. ಸ್ಕಾಟ್ಲೆಂಡ್ 3–0ರಿಂದ ಗೆದ್ದಿತು. ಕೆಲವೇ ದಿನಗಳ ನಂತರ ಗ್ಲಾಸ್ಗೋದಲ್ಲಿ ಆಟ ಇಟ್ಟಾಗ ಜನ ಮೈದಾನಕ್ಕೆ ನುಗ್ಗಿ ಆಟವನ್ನೇ ಕೆಡಿಸಿದರು. ಆಡುತ್ತಿದ್ದವರು ಕುದುರೆ ಗಾಡಿ ಹತ್ತಿ ಪಾರಾಗಬೇಕಾಯಿತು. ಮುಂದೆ ದಶಕಗಟ್ಟಲೆ ಹೆಂಗಸರಿಗೆ ಅಧಿಕೃತ ಮೈದಾನದ ಬಾಗಿಲೇ ಮುಚ್ಚಿತ್ತು. 1971ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟ, ಹೆಂಗಸರ ಆಟವನ್ನು ಆಯಾ ದೇಶದ ಸಂಸ್ಥೆಗಳೇ ವಹಿಸಿಕೊಳ್ಳಬೇಕೇ ಎಂದು ಮತಕ್ಕೆ ಹಾಕಿತು. 31 ದೇಶಗಳು ಹೌದೆಂದವು. ಬೇಡವೆಂದದ್ದು ಒಂದೇ ಒಂದು ದೇಶ, ಸ್ಕಾಟ್ಲೆಂಡ್! ನಿಷೇಧ ತೆಗೆದದ್ದು 1974ರಲ್ಲಿ. ನಿಮ್ಮ ಕಾಲದ ಮಾತೇ ಇದು ಅವ್ವಾರ, ಪುರಾಣವಲ್ಲ.

ಆ ಮುಚ್ಚಿದ ಬಾಗಿಲ ಕಾಲದಲ್ಲಿ ಹುಟ್ಟಿದವರು ರೋಸ್ ರೈಲಿ. 1955ರಲ್ಲಿ ಜನನ, ಬೆಳೆದದ್ದು ಸ್ಟುವರ್ಟನ್ ಎಂಬ ಸಣ್ಣ ಊರಲ್ಲಿ. ಏಳು ವರ್ಷದ ಹುಡುಗಿಗೆ ಚೆಂಡಿನ ಹುಚ್ಚು. ಊರಲ್ಲಿದ್ದದ್ದು ಗಂಡು ಹುಡುಗರ ತಂಡ ಮಾತ್ರ. ಸೇರಿಸಿಕೊಳ್ಳಬೇಕಾದರೆ ಕೂದಲು ಮೋಟಾಗಿ ಕತ್ತರಿಸಿಕೊಂಡು, ಹೆಸರನ್ನು ‘ರಾಸ್’ ಎಂದು ಗಂಡಸರ ಹೆಸರು ಮಾಡಿಕೊಳ್ಳಬೇಕು ಎಂದರು. ಹುಡುಗಿ ಒಪ್ಪಿಕೊಂಡಳು. ಆ ‘ರಾಸ್’ನ ಆಟ ನೋಡಿ, ಹೆಸರಾಂತ ಸೆಲ್ಟಿಕ್ ಕ್ಲಬ್ಬಿನಿಂದ ಪ್ರತಿಭೆ ಹುಡುಕಲು ಬಂದಿದ್ದವರು ಈ ಹುಡುಗ ನಮಗೆ ಬೇಕು ಅಂದರಂತೆ. ಹುಡುಗನಲ್ಲ, ಹುಡುಗಿ ಎಂದು ಗೊತ್ತಾದ ಮೇಲೆ ಮಾತು ಅಲ್ಲಿಗೇ ನಿಂತಿತು. ಕಾಲು ಅದೇ, ಚೆಂಡು ಅದೇ, ಆಟ ಅದೇ. ಕೂದಲ ಉದ್ದ ಮಾತ್ರ ಬೇರೆ.

1972ರ ನವೆಂಬರ್ 18ರಂದು ಗ್ರೀನಾಕ್ ಊರಿನಲ್ಲಿ ಸ್ಕಾಟ್ಲೆಂಡಿನ ಹೆಂಗಸರು ಇಂಗ್ಲೆಂಡಿನ ಎದುರು ತಮ್ಮ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದರು. 3–2ರಿಂದ ಸೋತರೂ, ರೋಸ್ ಅಂದು ಮೂಲೆಯ ಕಿಕ್‌ನಿಂದ ನೇರವಾಗಿ ಚೆಂಡನ್ನು ಗೋಲಿಗೆ ತಿರುಗಿಸಿದ್ದರು. ಮುಂದಿನ ವರ್ಷ ದುಡಿಮೆ ಹುಡುಕಿ ಫ್ರಾನ್ಸಿನ ರೀಮ್ಸ್‌ಗೆ, ಅಲ್ಲಿಂದ ಇಟಲಿಯ ಮಿಲಾನ್‌ಗೆ ಹೋದರು. ತಾಯ್ನಾಡಿನ ಮಹಿಳಾ ಫುಟ್‌ಬಾಲ್ ಸಂಸ್ಥೆ ಅವರ ಮೇಲೆ ನಿಷೇಧ ಹೇರಿತು. ಇಟಲಿಯವರು ಮಾತ್ರ ತಮ್ಮ ದೇಶದ ಅಂಗಿಯನ್ನೇ ತೊಡಿಸಿದರು. ಅಲ್ಲಿ ಎಂಟು ಲೀಗ್ ಪ್ರಶಸ್ತಿ ಗೆದ್ದರು. ಹೆಂಗಸರಿಗೆ ಇನ್ನೂ ವಿಶ್ವಕಪ್ಪೇ ಇಲ್ಲದ 1984ರಲ್ಲಿ, ಅದರ ಬದಲು ಎಂಬಂತಿದ್ದ ಮುಂಡಿಯಾಲಿತೊ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಇಟಲಿ ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿತು. ರೋಸ್ ಆ ತಂಡದಲ್ಲಿದ್ದರು. ಸ್ಕಾಟ್ಲೆಂಡ್ ತನ್ನ ಕೀರ್ತಿವಂತರ ಸಾಲಿಗೆ ಅವರನ್ನು ಸೇರಿಸಿದ್ದು 2007ರಲ್ಲಿ. 1972ರ ತಂಡದ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಗೌರವದ ಟೊಪ್ಪಿಗೆ ಕೈಗೆ ಬಂದದ್ದು 2019ರಲ್ಲಿ, ನಲವತ್ತೇಳು ವರ್ಷ ತಡವಾಗಿ.

ನಡುವಿನ ತಲೆಮಾರಿನ ಬದುಕು ನಮ್ಮ ಮನೆಗಳ ಲೆಕ್ಕಾಚಾರಕ್ಕೆ ಹೆಚ್ಚು ಹತ್ತಿರ. ಸ್ಕಾಟ್ಲೆಂಡಿನ ನಾಯಕಿಯಾಗಿದ್ದ ರೇಚಲ್ ಕೋರ್ಸಿ ಓದಿ ಚಾರ್ಟರ್ಡ್ ಅಕೌಂಟೆಂಟ್ ಆದವರು. ಹಗಲು ಲೆಕ್ಕಪತ್ರ, ಸಂಜೆ ತಾಲೀಮು. ಆಟದ ಪಗಾರ ಹೊಟ್ಟೆಗೆ ಸಾಲದ ದಿನಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳೂ ಹೀಗೆ ಎರಡು ದೋಣಿಯ ಮೇಲೆ ಕಾಲಿಟ್ಟೇ ಬಂದರು. 2019ರಲ್ಲಿ ಆ ದೇಶ ಮೊದಲ ಬಾರಿ ಹೆಂಗಸರ ವಿಶ್ವಕಪ್‌ಗೆ ಹೋಗುವ ಮುನ್ನ, ಬೇರೆ ಕೆಲಸದಲ್ಲಿದ್ದ ಆಟಗಾರ್ತಿಯರು ಪೂರ್ಣಾವಧಿ ತಾಲೀಮು ಮಾಡಲೆಂದು ಸರ್ಕಾರವೇ ಹಣ ಕೊಟ್ಟಿತು. ಇವತ್ತಿಗೂ ಅಲ್ಲಿಯ ದೊಡ್ಡ ಕ್ಲಬ್ಬುಗಳಲ್ಲಿ ಪೂರ್ಣಾವಧಿ ಪಗಾರವಿದ್ದರೆ, ಸಣ್ಣ ಕ್ಲಬ್ಬುಗಳಲ್ಲಿ ಅರೆ ನೌಕರಿಯೇ.

ಇನ್ನು ನಮ್ಮ ಕಡೆಗೆ ಬರೋಣ. ಸ್ಕಾಟ್ಲೆಂಡಿನ ಕ್ಲಬ್ಬಿನಲ್ಲಿ ಪಗಾರ ಪಡೆದು ಆಡಿದ ನಮ್ಮ ದೇಶದ ಹೆಣ್ಣುಮಗಳೂ ಇದ್ದಾರೆ, ಮತ್ತು ಅವರ ದಾರಿ ನಮ್ಮ ಬೆಂಗಳೂರಿನ ಮೂಲಕ ಹಾದುಹೋಗಿದೆ. ಅವರೇ ಬಾಲಾ ದೇವಿ.

ಬಾಲಾ ಮಣಿಪುರದ ಬಿಷ್ಣುಪುರ ಜಿಲ್ಲೆಯ ಇರೆಂಗ್‌ಬಾಮ್ ಎಂಬ ಹಳ್ಳಿಯವರು, 1990ರ ಫೆಬ್ರುವರಿ 2ರಂದು ಹುಟ್ಟಿದವರು. ಅವರೂ ಆಟ ಕಲಿತದ್ದು ಗಂಡು ಹುಡುಗರ ಜೊತೆಗೇ, ನಿಮ್ಮ ಮೊಮ್ಮಗಳ ಹಾಗೆ. ಹದಿಹರೆಯದಲ್ಲೇ ದೇಶದ ತಂಡ ಸೇರಿದರು. ಮಣಿಪುರ ಪೊಲೀಸ್ ಇಲಾಖೆಯಲ್ಲಿ ನೌಕರಿ ಸಿಕ್ಕಿತು, ಆ ಇಲಾಖೆಯ ತಂಡಕ್ಕೇ ಆಡಿದರು. 2019ರ ಇಂಡಿಯನ್ ವಿಮೆನ್ಸ್ ಲೀಗಿನಲ್ಲಿ ಒಬ್ಬರೇ 26 ಗೋಲು ಹೊಡೆದರು. ಅದೇ ವರ್ಷ ಬೆಂಗಳೂರು ಎಫ್‌ಸಿ ಮತ್ತು ಗ್ಲಾಸ್ಗೋದ ರೇಂಜರ್ಸ್ ಕ್ಲಬ್ಬಿನ ನಡುವೆ ಒಪ್ಪಂದವಾಗಿತ್ತು. ಆ ನಂಟಿನಿಂದ ಬಾಲಾ ನವೆಂಬರಿನಲ್ಲಿ ಗ್ಲಾಸ್ಗೋಗೆ ಹೋಗಿ ಪರೀಕ್ಷೆ ಕೊಟ್ಟು ಬಂದರು. 2020ರ ಜನವರಿ 29ರಂದು ರೇಂಜರ್ಸ್ ಹದಿನೆಂಟು ತಿಂಗಳ ಕರಾರಿಗೆ ಸಹಿ ಹಾಕಿಸಿಕೊಂಡಿತು. ಹತ್ತನೇ ನಂಬರಿನ ಅಂಗಿ ಕೊಟ್ಟಿತು. ಇನ್ನು ನಾಲ್ಕು ದಿನಕ್ಕೆ ಬಾಲಾಗೆ ಮೂವತ್ತು ತುಂಬುತ್ತಿತ್ತು. ಅಷ್ಟು ವರ್ಷ ದೇಶಕ್ಕೆ ಆಡಿದವರಿಗೆ ಆಟಕ್ಕೆಂದೇ ಬರೆದ ವಿದೇಶದ ಮೊದಲ ಕರಾರುಪತ್ರ ಸಿಕ್ಕಿದ್ದು ಆ ವಯಸ್ಸಿನಲ್ಲಿ.

ಹೋದ ಮೇಲೆ ಕೊರೊನಾ ಬಂದು ಲೀಗ್ ನಿಂತಿತು. ಪರದೇಶ, ಚಳಿ, ಮುಚ್ಚಿದ ಮೈದಾನ. ಆದರೂ ಕಾದರು. 2020ರ ಡಿಸೆಂಬರ್ 6ರಂದು ಮದರ್‌ವೆಲ್ ತಂಡದ ಮೇಲೆ ರೇಂಜರ್ಸ್ 9–0ರಿಂದ ಗೆದ್ದ ದಿನ, ಬದಲಿಯಾಗಿ ಇಳಿದ ಬಾಲಾ ತಮ್ಮ ಮೊದಲ ಗೋಲು ಹೊಡೆದರು. ಯುರೋಪಿನ ವೃತ್ತಿಪರ ಲೀಗಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಗೋಲು ಅದು.

ಆಮೇಲೆ ಮೊಣಕಾಲು ಕೈಕೊಟ್ಟಿತು. ಈ ಕಹಿ ಭಾಗವನ್ನು ಮುಚ್ಚಿಟ್ಟರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಮೊಣಕಾಲಿನೊಳಗೆ ಹಿಡಿದಿಡುವ ಒಂದು ಗಟ್ಟಿ ಹುರಿ ಇದೆ. ಆಟಗಾರರು ಅದನ್ನು ‘ಎಸಿಎಲ್’ ಅನ್ನುತ್ತಾರೆ. ಓಡುತ್ತಾ ಓಡುತ್ತಾ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ಗಕ್ಕನೆ ತಿರುಗಿದರೆ ಆ ಹುರಿ ಹರಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿ, ಕಾಲಿಗೆ ಮತ್ತೆ ಬಲ ತಂದು ಮೈದಾನಕ್ಕಿಳಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಗಂಡಸರಿಗಿಂತ ಹೆಂಗಸರಿಗೆ ಈ ಪೆಟ್ಟು ಹೆಚ್ಚು. ಕಿಮ್ ಲಿಟಲ್‌ಗೂ 2017ರಲ್ಲಿ ಇದೇ ಹುರಿ ಹರಿದು, ಸ್ಕಾಟ್ಲೆಂಡ್ ಮೊದಲ ಬಾರಿ ಆಡಿದ ಯುರೋಪ್ ಕಪ್ ತಪ್ಪಿತು. ಎರಡು ವರ್ಷದ ನಂತರ ಅವರೇ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಮೇಲೆ ಗೋಲು ಹೊಡೆದರು. ಬಾಲಾ ದೇವಿಯೂ ಎದ್ದುಬಂದರು: 2024ರ ಅಕ್ಟೋಬರಿನಲ್ಲಿ ಕಠ್ಮಂಡುವಿನ ಸ್ಯಾಫ್ ಪಂದ್ಯಾವಳಿಯಲ್ಲಿ ಪಾಕಿಸ್ತಾನದ ಎದುರು ದೇಶದ ಪರ ತಮ್ಮ 50ನೇ ಗೋಲು ದಾಖಲಿಸಿದರು.

ನಮ್ಮ ರಾಜ್ಯದಲ್ಲಿ ಏನಿದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಎಂಬ ಕ್ಲಬ್ಬಿನ ಹೆಂಗಸರ ತಂಡ ರಾಷ್ಟ್ರೀಯ ಲೀಗಿನಲ್ಲಿ ಆಡುತ್ತದೆ. 2023ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ನಡೆದ ಅಂತಿಮ ಪಂದ್ಯದವರೆಗೂ ಹೋಗಿ ಕೇರಳದ ಗೋಕುಲಂ ತಂಡಕ್ಕೆ ಸೋತಿತು. ಅದೇ ವರ್ಷ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಒಂದು ನಿಯಮ ಪ್ರಕಟಿಸಿತು: ಮೇಲ್ದರ್ಜೆಯ ಮಹಿಳಾ ಲೀಗಿನ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು. ದೊಡ್ಡ ಮೊತ್ತವಲ್ಲ, ನಿಜ. ಆದರೆ ಚೆಂಡು ಒದ್ದ ಕಾಲಿಗೆ ಪಗಾರ ಕೊಡಬೇಕು ಎಂದು ಕಾಗದದ ಮೇಲೆ ಬಂತಲ್ಲ, ಅದು ದೊಡ್ಡದು. 2025ರ ಜುಲೈ 5ರಂದು ಭಾರತದ ಹೆಣ್ಣುಮಕ್ಕಳು ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2–1ರಿಂದ ಸೋಲಿಸಿ, ಅರ್ಹತಾ ಪಂದ್ಯ ಗೆದ್ದೇ ಏಷ್ಯಾ ಕಪ್‌ಗೆ ಹೋದರು.

ಈಗ ನಿಮ್ಮ ಅಂಗಳದ ಮಾತು. ನಿಮ್ಮ ತಾಲೂಕಿನ ಚಿತ್ರಗಾರರು ಮಾಡುವ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಕಟ್ಟಿಗೆ ಹದ ಮಾಡಿ, ಬಣ್ಣದ ಮೇಲೆ ಬಣ್ಣ ಕೂಡಿಸಿ ಒಂದು ತೊಟ್ಟಿಲು ಮುಗಿಸಲು ಎಷ್ಟು ತಾಳ್ಮೆ ಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಟಗಾರ್ತಿ ತಯಾರಾಗುವುದಕ್ಕೂ ಅಷ್ಟೇ ತಾಳ್ಮೆ ಬೇಕು, ಒಬ್ಬರ ಕೈಯಿಂದ ಆಗುವ ಕೆಲಸವೂ ಅಲ್ಲ.

ಮೊದಲು ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು ಮಾತಾಡಿರಿ. ಶಾಲಾ ಮಕ್ಕಳ ಸುಬ್ರೊತೊ ಕಪ್‌ನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರಿಗೆ ಬೇರೆಯೇ ವಿಭಾಗವಿದೆ. ಎಂಟನೆತ್ತೆಯ ಹುಡುಗಿಗೆ ಇನ್ನೂ ಸಾಕಷ್ಟು ಕಾಲವಿದೆ. ‘ಫಿಫಾ 11+’ ಎಂಬ ಇಪ್ಪತ್ತು ನಿಮಿಷದ ಮೈಕಾಯಿಸುವ ವ್ಯಾಯಾಮಗಳಿವೆ. ಓಟ, ಜಿಗಿತ, ಒಂಟಿಕಾಲಿನ ಸಮತೋಲ ಎಲ್ಲ ಅದರಲ್ಲಿದೆ. ತಪ್ಪದೆ ಮಾಡಿದರೆ ಮೊಣಕಾಲಿನ ಪೆಟ್ಟು ಎಷ್ಟೋ ಕಡಿಮೆಯಾಗುತ್ತದೆ, ಖರ್ಚು ಒಂದು ಪೈಸೆಯೂ ಇಲ್ಲ. ಅಳತೆಗೆ ಸರಿಯಾದ ಬೂಟು ಕೊಡಿಸಿರಿ. ಅಣ್ಣನ ಹಳೆಯ ಬೂಟಿನೊಳಗೆ ಬಟ್ಟೆ ತುರುಕಿ ಆಡುವುದು ಬೇಡ. ಓದು ಬಿಡಿಸಬೇಡಿ. ಆಟದ ಆಯುಷ್ಯ ಗಿಡ್ಡ. ಕೋರ್ಸಿ ಲೆಕ್ಕಪತ್ರ ಕಲಿತಿದ್ದರು, ಬಾಲಾಗೆ ಪೊಲೀಸ್ ನೌಕರಿ ಇತ್ತು. ಊಟದಲ್ಲಿ ಗಂಡು ಹುಡುಗರಿಗೆ ಒಂದು, ಆಕೆಗೆ ಒಂದು ಮಾಡಬೇಡಿ. ಕಟಕ ರೊಟ್ಟಿ, ಹೆಸರಕಾಳು ಪಲ್ಲೆ, ಶೇಂಗಾ ಚಟ್ನಿ, ಮೊಸರು, ಸಾಧ್ಯವಾದರೆ ತತ್ತಿ. ಓಡುವ ಹುಡುಗಿಗೆ ಹೊಟ್ಟೆತುಂಬ ಬೇಕು. ಕತ್ತಲಾಗುವ ಮೊದಲು ಆಕೆಯನ್ನು ಮೈದಾನದಿಂದ ಮನೆಗೆ ಕರೆತರಲು ಒಬ್ಬರು ಹೋಗಲಿ. ಎಷ್ಟೋ ಹುಡುಗಿಯರ ಆಟ ನಿಲ್ಲುವುದು ಕಾಲು ಸೋತು ಅಲ್ಲ, ಸಂಜೆ ಕರೆತರಲು ಯಾರೂ ಇಲ್ಲ ಎಂದು.

ಆಕೆ ಗ್ಲಾಸ್ಗೋಗೆ ಹೋಗುತ್ತಾಳೆ ಎಂದು ನಾನು ಮಾತು ಕೊಡಲಾರೆ. ಸಾವಿರಾರು ಹುಡುಗಿಯರು ಆಡಿದರೆ ಕೆಲವರಿಗೆ ಮಾತ್ರ ಅದು ಅನ್ನವಾಗುತ್ತದೆ. ಆ ದೇಶದಲ್ಲೂ ಹಾಗೆಯೇ. ಆಡುವ ಹಕ್ಕು ಮಾತ್ರ ಎಲ್ಲರದು. ಅದಕ್ಕಾಗಿ ಅಲ್ಲೊಬ್ಬ ಏಳು ವರ್ಷದ ಹುಡುಗಿ ತನ್ನ ಕೂದಲನ್ನೂ ಹೆಸರನ್ನೂ ಬಿಟ್ಟುಕೊಡಬೇಕಾಗಿ ಬಂತು. ನಿಮ್ಮ ಮೊಮ್ಮಗಳಿಗೆ ಆ ಗತಿ ಬೇಡ. ನಾಳೆ ಬೆಳಿಗ್ಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿಯಾಗಿ ಹೆಣೆದು, ರಿಬ್ಬನ್ನು ಕಟ್ಟಿ ಕಳಿಸಿರಿ. ಸಂಜೆ ಆಕೆ ತನ್ನ ಹೆಸರಿನಲ್ಲೇ ಆಡಲಿ.