ಕಿಟ್ ವಿಮಾನಕ್ಕೆ ಮನೆಯ ವೈರು ಬೇಡ

ಕೊಯಮತ್ತೂರಿನ ಪೀಳಮೇಡು, ಗಣಪತಿ ಕಡೆಯ ನಮ್ಮ ಕನ್ನಡದ ಹುಡುಗರಿಗೆ ಪಂಪು, ಮೋಟಾರು, ವೈಂಡಿಂಗ್ ಎಂದರೆ ನೀರು ಕುಡಿದಷ್ಟು ಸಲೀಸು. ಕಿಟ್ ವಿಮಾನ ಜೋಡಿಸಲು ಕೂತಾಗ ಆ ಧೈರ್ಯವೇ ಕೈಕೊಡುತ್ತದೆ. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಇರಲಿ, ಹೊರದೇಶದ್ದಿರಲಿ, ಅಂಗಡಿಯ ಪಿವಿಸಿ ವೈರನ್ನೇ ಎಳೆದುಬಿಡಬೇಡಿ. ಅದು ಸುಟ್ಟರೆ ಹೊಗೆಯ ಜೊತೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ; ಪುಟ್ಟ ಕಾಕ್‌ಪಿಟ್‌ನಲ್ಲಿ ಕಣ್ಣು ಬಿಡಲಾಗದು. 150 ಡಿಗ್ರಿ ಸೆಲ್ಸಿಯಸ್ ತಾಳುವ ಟೆಫ್‌ಜೆಲ್ ಹೊದಿಕೆಯ, ತವರ ಲೇಪಿಸಿದ ಬಹುಎಳೆ ವೈರು ದುಬಾರಿ, ನಿಜ. ಆದರೂ ತರಿಸಿಕೊಳ್ಳಿ.

ಎಲ್ಲದಕ್ಕೂ ಬೆಸುಗೆ ಹಾಕುವ ಚಟ ಬೇರೆ! ಬೆಸುಗೆ ಎಳೆಗಳೊಳಗೆ ಇಳಿದು ಸೆಟೆದುಕೊಳ್ಳುತ್ತದೆ. ಆಧಾರವಿಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ವೈರು ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ. ಬದಲಿಗೆ ವೈರಿನ ತುದಿಗೆ ಟರ್ಮಿನಲ್ ಒತ್ತಿ ಕೂರಿಸಲು ಒಳ್ಳೆಯ ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ ಕೊಳ್ಳಿ, ಇಕ್ಕಳದಲ್ಲಿ ಅದುಮಬೇಡಿ. ಒತ್ತಿದ ಮೇಲೆ ಎಳೆದು ನೋಡಿ, ಮುಲಾಜು ಬೇಡ. ಫ್ಯೂಸು ಇರುವುದು ವೈರನ್ನು ಕಾಯಲು, ರೇಡಿಯೊವನ್ನಲ್ಲ. ಅದು ವಿದ್ಯುತ್ ಹೊರಡುವ ತುದಿಯಲ್ಲಿರಲಿ. ಎಂಜಿನ್ನಿಗೂ ಕಾಕ್‌ಪಿಟ್‌ಗೂ ನಡುವಿನ ಫೈರ್‌ವಾಲ್ ತೂತಿನಲ್ಲಿ ವೈರು ಲೋಹಕ್ಕೆ ಉಜ್ಜದಂತೆ ಬೆಂಕಿ ತಾಳುವ ಗ್ರಾಮೆಟ್ ಹಾಕಿ. ಬ್ಯಾಟರಿ ಜೋಡಿಸುವ ಮುನ್ನ ವೈರಿಂಗ್ ನಕ್ಷೆಯನ್ನು, ಕೆಲಸ ಬಲ್ಲ ಇನ್ನೊಬ್ಬರ ಕೈಗೆ ಕೊಟ್ಟು, ಒಂದೊಂದು ವೈರನ್ನೂ ಮಲ್ಟಿಮೀಟರಿನಲ್ಲಿ ನೋಡಿಸಿ.