ನಮ್ಮ ಮೊದಲ ವಿಮಾನ

ಬೇಸಗೆಯ ಮಧ್ಯಾಹ್ನದಲ್ಲಿ ಬಯಲಿನ ಮೇಲೆ ಸುತ್ತು ಹಾಕುವ ಗರುಡನನ್ನು ನೀವು ಕಂಡಿರಬಹುದು. ರೆಕ್ಕೆಗಳನ್ನು ಬಡಿಯದೆ, ಅವಸರವಿಲ್ಲದೆ, ಅದು ಗಾಳಿಗೆ ಒರಗಿಕೊಂಡಂತೆ ತೇಲುತ್ತಿರುತ್ತದೆ. ಗಾಳಿಯು ಒಂದು ಕಡೆಯಿಂದ ನೂಕಿದರೆ ತುಸು ಓಲಾಡಿ ಮತ್ತೆ ತನ್ನ ನಿಲುವಿಗೆ ಬರುತ್ತದೆ. ಹಕ್ಕಿಗೆ ಹುಟ್ಟಿನಿಂದಲೇ ಬಂದ ಈ ವಿದ್ಯೆಯನ್ನು ಮರದ ತುಂಡುಗಳಿಗೆ ಕಲಿಸುವುದು ಹೇಗೆ? ಒಂದು ಬೇಸಗೆಯ ರಜೆಯಲ್ಲಿ ನಾನೂ ನನ್ನ ಅಣ್ಣನ ಮಗನೂ ಸೇರಿ ರೇಡಿಯೋ ನಿಯಂತ್ರಣದ ಮಾದರಿ ವಿಮಾನವೊಂದನ್ನು ಕಟ್ಟಲು ಹೊರಟಾಗ ನಾವು ಉತ್ತರಿಸಬೇಕಾಗಿದ್ದ ಪ್ರಶ್ನೆ ಇದೇ ಆಗಿದ್ದಿತು. ಆದರೆ ಅದು ನಮಗೆ ತಿಳಿದುದು ತಡವಾಗಿ.

ಹುಡುಗನು ಆಗ ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದನು. ಎರಡು ದೀಪಾವಳಿಗಳಲ್ಲಿ ಹಿರಿಯರು ಕೊಟ್ಟಿದ್ದ ಹಣವನ್ನು ಪಟಾಕಿಗೆ ಸುರಿಯದೆ ಉಳಿಸಿದ್ದನು. ಸಿದ್ಧಪಡಿಸಿದ ವಿಮಾನಗಳು ಅಂಗಡಿಯಲ್ಲಿ ದೊರೆಯುತ್ತಿದ್ದರೂ, "ಚಿಕ್ಕಪ್ಪ, ನಾವೇ ಕಟ್ಟೋಣ" ಎಂದು ಹಠ ಹಿಡಿದನು. ಅಣ್ಣನಿಗೆ ಈ ಉದ್ಯೋಗ ಅಷ್ಟಾಗಿ ಹಿಡಿಸಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ನಿನ್ನ ಹಣ, ನಿನ್ನ ಇಷ್ಟ. ಆದರೆ ಅದು ಮುರಿದುಬಿದ್ದರೆ ನನ್ನಿಂದ ಬಿಡಿಗಾಸೂ ಹುಟ್ಟುವುದಿಲ್ಲ" ಎಂದನು. ಹುಡುಗನು ಒಪ್ಪಿದನು. ಆ ವಯಸ್ಸಿನಲ್ಲಿ ಯಾರು ತಾನೆ ಒಪ್ಪುವುದಿಲ್ಲ?

ಕೂಡಿಟ್ಟ ಹಣದ ಮುಕ್ಕಾಲು ಪಾಲು ರೇಡಿಯೋ, ಮೋಟಾರು ಮತ್ತು ಬ್ಯಾಟರಿಗಳಿಗೆ ಹೋಯಿತು. ಹುಡುಗನ ಮನಸ್ಸೆಲ್ಲ ಆ ರೇಡಿಯೋದ ಮೇಲೆಯೇ ಇದ್ದಿತು. ಅದರ ಕೆಲಸವೇನೋ ಸೋಜಿಗದ್ದೇ. ನೆಲದ ಮೇಲೆ ನಿಂತವನ ಕೈಯಲ್ಲಿ ಒಂದು ಪ್ರೇಷಕ; ವಿಮಾನದ ಒಡಲಿನಲ್ಲಿ ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾದ ಒಂದು ಗ್ರಾಹಕ. ಪ್ರೇಷಕದ ಹಿಡಿಕಡ್ಡಿಯನ್ನು ಅಲುಗಿಸಿದರೆ ಆ ಚಲನೆಯು ಸಂಕೇತವಾಗಿ 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನೇರಿ ಗ್ರಾಹಕವನ್ನು ತಲುಪುತ್ತದೆ. ಗ್ರಾಹಕವು ಅದನ್ನು ಸರ್ವೋ ಎಂಬ ಪುಟ್ಟ ಯಂತ್ರಕ್ಕೆ ದಾಟಿಸುತ್ತದೆ. ಸೆಕೆಂಡಿಗೆ ಸುಮಾರು 50 ಬಾರಿ ಸರ್ವೋವಿಗೆ ಒಂದೊಂದು ವಿದ್ಯುತ್ ಮಿಡಿತ ಬರುತ್ತದೆ. ಮಿಡಿತವು 1.5 ಮಿಲಿಸೆಕೆಂಡುಗಳಷ್ಟು ದೀರ್ಘವಾಗಿದ್ದರೆ ಸರ್ವೋವಿನ ತೋಳು ನಡುವೆ ನಿಲ್ಲುತ್ತದೆ. 1 ಮಿಲಿಸೆಕೆಂಡಿಗೆ ಇಳಿದರೆ ಒಂದು ಕೊನೆಗೂ, 2ಕ್ಕೆ ಏರಿದರೆ ಇನ್ನೊಂದು ಕೊನೆಗೂ ತಿರುಗುತ್ತದೆ. ತನ್ನ ತೋಳು ಈಗ ಎಲ್ಲಿದೆ, ಎಲ್ಲಿರಬೇಕಾಗಿದೆ ಎಂಬುದನ್ನು ಸರ್ವೋ ಸದಾ ಹೋಲಿಸಿ ನೋಡುತ್ತ, ಎರಡೂ ಒಂದಾಗುವವರೆಗೆ ತನ್ನೊಳಗಿನ ಮೋಟಾರನ್ನು ಓಡಿಸುತ್ತದೆ. ಇಷ್ಟೆಲ್ಲ ಮಾಡುವ ಯಂತ್ರದ ತೂಕ 9 ಗ್ರಾಂ ಮಾತ್ರ. ತೋಳಿಗೆ ಕಟ್ಟಿದ ತಂತಿಯು ವಿಮಾನದ ಚುಕ್ಕಾಣಿಯನ್ನೋ, ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರನ್ನೋ ಎಳೆಯುತ್ತದೆ.

ದೂರದಿಂದ ಅಲೆಗಳ ಮೂಲಕ ಯಂತ್ರವನ್ನು ನಡೆಸಬಹುದೆಂದು ನಿಕೋಲಾ ಟೆಸ್ಲಾ 1898ರಲ್ಲಿಯೇ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದ್ದನು. ಆದರೆ ಮಾದರಿ ವಿಮಾನಕ್ಕೆ ಆ ವಿದ್ಯೆ ಒಗ್ಗಲು ಇನ್ನೂ ಸುಮಾರು ನಾಲ್ಕು ದಶಕಗಳು ಬೇಕಾದವು. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸೋದರರಿದ್ದರು. ವಾಲ್ಟರನಿಗೆ ವಿಮಾನ ಕಟ್ಟುವ ಹುಚ್ಚು, ವಿಲಿಯಂನಿಗೆ ರೇಡಿಯೋದ ಹುಚ್ಚು. ಇಬ್ಬರೂ ಸೇರಿ ಸಿದ್ಧಪಡಿಸಿದ 'ಗಫ್' ಎಂಬ ವಿಮಾನವು 1937ರಲ್ಲಿ ರೇಡಿಯೋದ ಆಜ್ಞೆಯಂತೆ ಹಾರಿತು. ಅದರ ಚುಕ್ಕಾಣಿಯನ್ನು ತಿರುಗಿಸುತ್ತಿದ್ದುದು ಹುರಿಗೊಳಿಸಿದ ರಬ್ಬರಿನ ಶಕ್ತಿ. ರೇಡಿಯೋದ ಕೆಲಸ ಆ ಶಕ್ತಿಯನ್ನು ಬೇಕಾದಾಗ ಬಿಟ್ಟು, ಬೇಡವಾದಾಗ ತಡೆಯುವುದಷ್ಟೆ. ಈ ಸೋದರರ ಕಥೆಯನ್ನು ಕೇಳಿದ ಹುಡುಗನು, "ಹಾಗಾದರೆ ರೇಡಿಯೋ ನನಗಿರಲಿ, ಮರದ ಕೆಲಸ ನಿಮಗಿರಲಿ" ಎಂದು ಭಾಗ ಹಂಚಿಬಿಟ್ಟನು. ಸುಲಭದ ಭಾಗವನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟೆನೆಂದು ಅವನ ಎಣಿಕೆ.

ನಾವು ಆರಿಸಿಕೊಂಡುದು ಬಾಲ್ಸಾ ಮರ. ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದಲ್ಲಿ ಹೇರಳವಾಗಿ ಬೆಳೆಯುವ ಈ ಮರವು ಘನ ಮೀಟರಿಗೆ ಸುಮಾರು 160 ಕಿಲೋಗ್ರಾಂ ಮಾತ್ರ ತೂಗುತ್ತದೆ. ನಮ್ಮ ತೇಗ ಅದರ ನಾಲ್ಕು ಪಟ್ಟು ಭಾರ. ಬ್ಲೇಡಿನಿಂದ ಕೊಯ್ಯುವಷ್ಟು ಮೆತ್ತಗಿದ್ದರೂ ನಾರಿನ ಉದ್ದಕ್ಕೆ ಅದು ಗಟ್ಟಿ. ರೆಕ್ಕೆಯ ಉದ್ದ ಒಂದು ತುದಿಯಿಂದ ಇನ್ನೊಂದಕ್ಕೆ 120 ಸೆಂಟಿಮೀಟರ್, ಅಗಲ 20 ಸೆಂಟಿಮೀಟರ್. ಅಡ್ಡವಾಗಿ ಕೊಯ್ದು ನೋಡಿದರೆ ಅದರ ಮೇಲ್ಭಾಗ ಬೆನ್ನಿನಂತೆ ಉಬ್ಬಿ, ಕೆಳಭಾಗ ಬಹುಮಟ್ಟಿಗೆ ಚಪ್ಪಟೆಯಾಗಿದ್ದಿತು. 1922ರಲ್ಲಿ ವರ್ಜೀನಿಯಸ್ ಕ್ಲಾರ್ಕ್ ರೂಪಿಸಿದ ಈ ಆಕಾರಕ್ಕೆ 'ಕ್ಲಾರ್ಕ್ ವೈ' ಎಂದು ಹೆಸರು. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು ದಾಟಿದ ವಿಮಾನದ ರೆಕ್ಕೆಯೂ ಇದೇ ಆಕಾರದ್ದು. ಹೊಸಬರಿಗೆ ಇದು ಇಷ್ಟವಾಗುವ ಕಾರಣ ಮಾತ್ರ ಬೇರೆ: ತಳ ಚಪ್ಪಟೆಯಾಗಿರುವುದರಿಂದ ಮೇಜಿನ ಮೇಲಿಟ್ಟು ಸೊಟ್ಟವಿಲ್ಲದೆ ಕಟ್ಟಬಹುದು.

ಈ ಆಕಾರದ 22 ಪಕ್ಕೆಲುಬುಗಳನ್ನು ಒಂದೇ ಅಚ್ಚಿನಿಂದ ಕೊಯ್ದು, ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಉಪ್ಪುಕಾಗದದಿಂದ ಉಜ್ಜಿ ಸಮ ಮಾಡಿದೆವು. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಆರಾರು ಸೆಂಟಿಮೀಟರ್ ದೂರದಲ್ಲಿ ಪಕ್ಕೆಲುಬುಗಳನ್ನು ನಿಲ್ಲಿಸಿ, ಗುಂಡುಸೂಜಿಗಳಿಂದ ಬಿಗಿದು, ಉದ್ದಕ್ಕೆ ತೊಲೆಯನ್ನು ಅಂಟಿಸಿದೆವು. ಎಡಬಲದ ರೆಕ್ಕೆಗಳನ್ನು ನಡುವೆ ಸೇರಿಸುವಾಗ ಎರಡರ ತುದಿಗಳನ್ನೂ ಐದೈದು ಸೆಂಟಿಮೀಟರಿನಷ್ಟು ಮೇಲಕ್ಕೆತ್ತಿ ಕೂಡಿಸಿದೆವು. ಹೆಚ್ಚು ಕಡಿಮೆ ಪೂರ್ತಿ ತೆರೆದಿಟ್ಟ ಪುಸ್ತಕದಂತೆ ಅದು ಕಾಣುತ್ತಿದ್ದಿತು. ಹುಡುಗನು ಅದನ್ನು ನೋಡಿ, "ರೆಕ್ಕೆ ನೆಟ್ಟಗಿದ್ದರೆ ಅಂದವಲ್ಲವೇ ಚಿಕ್ಕಪ್ಪ?" ಎಂದನು. ನಕ್ಷೆಯಲ್ಲಿ ಹಾಗಿದೆ ಎಂದಷ್ಟೇ ನಾನು ಹೇಳಿದೆನು. ನಿಜಕ್ಕೂ ನನಗೆ ಅಷ್ಟೇ ತಿಳಿದಿದ್ದಿತು. ಒಡಲು, ಬಾಲಗಳ ಕೆಲಸ ನಾಲ್ಕು ದಿನಗಳಲ್ಲಿ ಮುಗಿಯಿತು. ಮೈಗೆಲ್ಲ ತೆಳುವಾದ ಹಾಳೆಯನ್ನು ಹೊದಿಸಿ ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿದಾಗ ಅದು ಮೃದಂಗದ ಚರ್ಮದಂತೆ ಬಿಗಿಯಾಯಿತು. ರೆಕ್ಕೆಯನ್ನು ಒಡಲಿಗೆ ಅಂಟಿಸದೆ ರಬ್ಬರ್ ಪಟ್ಟಿಗಳಿಂದ ಕಟ್ಟಿದೆವು; ಪೆಟ್ಟು ಬಿದ್ದಾಗ ರೆಕ್ಕೆ ಮುರಿಯುವ ಬದಲು ಕಳಚಿಕೊಳ್ಳಲಿ ಎಂದು. ಎಲ್ಲವೂ ಸೇರಿ ದಿನಸಿ ಅಂಗಡಿಯ ತಕ್ಕಡಿಯಲ್ಲಿ 800 ಗ್ರಾಂ ತೂಗಿತು.

ನಮ್ಮ ಊರಿನ ಕೆರೆ ಆ ವರ್ಷ ಬತ್ತಿದ್ದಿತು. ಒಂದು ಮುಂಜಾನೆ, ಗಾಳಿ ಏಳುವ ಮುನ್ನ, ನಾವು ಕೆರೆಯಂಗಳಕ್ಕೆ ಹೋದೆವು. ಸುತ್ತ ಮನೆಗಳಿರಲಿಲ್ಲ, ಕುರಿ ಮೇಯಿಸುವ ಮುದುಕನೊಬ್ಬನು ದೂರದಲ್ಲಿ ನಿಂತಿದ್ದನು. ಮೋಟಾರನ್ನು ನಡೆಸದೆ, ವಿಮಾನವನ್ನು ಕೈಯಿಂದ ಮೆಲ್ಲನೆ ಎಸೆದು ಅದು ತೇಲುವುದೇ ಎಂದು ಮೊದಲು ನೋಡುವುದು ವಾಡಿಕೆ. ಹುಡುಗನು ಪ್ರೇಷಕವನ್ನು ಹಿಡಿದು ಸಿದ್ಧನಾದನು. ನಾನು ನಾಲ್ಕು ಹೆಜ್ಜೆ ಓಡಿ ವಿಮಾನವನ್ನು ಕೈಬಿಟ್ಟೆನು. ಅದು ನೇರವಾಗಿ ಹೋಗುವ ಬದಲು ಹೆಡೆಯೆತ್ತಿದ ಹಾವಿನಂತೆ ಮೂತಿಯನ್ನು ಮೇಲಕ್ಕೆತ್ತಿತು. ಒಂದು ಕ್ಷಣ ಆಕಾಶದಲ್ಲಿ ನಿಂತೇಬಿಟ್ಟಿತು. ಮರುಕ್ಷಣವೇ ಹಿಂದುಮುಂದಾಗಿ ಬಾಲದ ಮೇಲೆ ನೆಲಕ್ಕೆ ಬಿದ್ದಿತು. ಹುಡುಗನು ಹಿಡಿಕಡ್ಡಿಯನ್ನು ಅತ್ತಿಂದಿತ್ತ ಎಳೆಯುತ್ತಲೇ ಇದ್ದನು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಬಾಲದ ಅಡ್ಡರೆಕ್ಕೆ ಎರಡು ತುಂಡಾಗಿದ್ದಿತು.

ಮನೆಗೆ ಬರುವವರೆಗೆ ಅವನು ಮಾತನಾಡಲಿಲ್ಲ. ಜಗುಲಿಯಲ್ಲಿ ಕುಳಿತಿದ್ದ ಅಣ್ಣನೂ ಮಾತನಾಡಲಿಲ್ಲ. ಆ ಮೌನವೇ ನಮ್ಮಿಬ್ಬರಿಗೂ ಹೆಚ್ಚು ಕಷ್ಟವಾಯಿತು.

ರಾತ್ರಿ ಬಾಲವನ್ನು ಅಂಟಿಸಿ, ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳತುದಿಗಳ ಮೇಲೆ ನಿಲ್ಲಿಸಿ ನೋಡಿದೆನು. ರೆಕ್ಕೆಯ ಮುಂದಿನ ಅಂಚಿನಿಂದ 9 ಸೆಂಟಿಮೀಟರ್ ಹಿಂದೆ ಬೆರಳನ್ನಿಟ್ಟರೆ ಮಾತ್ರ ಅದು ಸಮವಾಗಿ ನಿಲ್ಲುತ್ತಿದ್ದಿತು. ಅಂದರೆ ಗುರುತ್ವ ಕೇಂದ್ರವು ಅಲ್ಲಿದ್ದಿತು. ಇಂಥ ವಿಮಾನಕ್ಕೆ ಅದು ರೆಕ್ಕೆಯ ಅಗಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ, ಎಂದರೆ ಮುಂದಿನ ಅಂಚಿನಿಂದ ಐದಾರು ಸೆಂಟಿಮೀಟರ್ ದೂರದಲ್ಲಿ ಇರತಕ್ಕದ್ದು. "ಮೂತಿಗೆ ಭಾರ ಸೇರಿಸಬೇಕು" ಎಂದೆನು. ಹುಡುಗನು ನನ್ನನ್ನು ವಿಚಿತ್ರವಾಗಿ ನೋಡಿದನು. "ಹಾರಲಾರದೆ ಬಿದ್ದ ವಿಮಾನಕ್ಕೆ ಇನ್ನಷ್ಟು ಭಾರವೇ ಚಿಕ್ಕಪ್ಪ?"

ಅವನ ಸಂಶಯ ಸಹಜವೇ. ಆದರೆ ಬಾಣವನ್ನು ನೆನೆಯಿರಿ. ಅದರ ತುದಿಗೆ ಕಬ್ಬಿಣ, ಹಿಂಬದಿಗೆ ಗರಿ. ಕಬ್ಬಿಣವನ್ನು ಹಿಂದಕ್ಕೆ ಕಟ್ಟಿ ಬಿಟ್ಟರೆ ಬಾಣವು ಗಾಳಿಯಲ್ಲಿ ಲಾಗ ಹಾಕುತ್ತದೆ. ಹಾಗೆಯೇ ಭಾರವು ಹಿಂದಕ್ಕೆ ಸರಿದ ವಿಮಾನವು ಮೂತಿಯನ್ನು ಒಮ್ಮೆ ತುಸು ಎತ್ತಿದರೆ ಸಾಕು, ಇನ್ನೂ ಎತ್ತುತ್ತಲೇ ಹೋಗುತ್ತದೆ. ವೇಗ ಕುಂದುತ್ತದೆ, ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಳಚಿಕೊಳ್ಳುತ್ತದೆ, ಎತ್ತುವ ಬಲ ಥಟ್ಟನೆ ಇಳಿದುಹೋಗುತ್ತದೆ. ನಮ್ಮ ವಿಮಾನಕ್ಕೆ ಗಾಳಿಯಲ್ಲಿ ನಿಲ್ಲಲು ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗವಾದರೂ ಬೇಕು. ಭಾರವು ಮುಂದಿದ್ದಾಗ ನಡೆಯುವುದೇ ಬೇರೆ. ವೇಗ ಕುಂದಿದೊಡನೆ ಮೂತಿ ತಾನಾಗಿ ಬಾಗುತ್ತದೆ, ಬಾಗಿದಾಗ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಾಗ ತುಸು ಇಳಿಕೋನದಲ್ಲಿ ಕೂಡಿಸಿದ ಬಾಲದ ರೆಕ್ಕೆಯು ಗಾಳಿಯ ಒತ್ತಡದಿಂದ ಕೆಳಕ್ಕೆ ತಗ್ಗಿ ಮೂತಿಯನ್ನು ಮತ್ತೆ ಎತ್ತುತ್ತದೆ. ಯಾರೂ ಹಿಡಿಕಡ್ಡಿಯನ್ನು ಮುಟ್ಟಬೇಕಾಗಿಲ್ಲ.

ಇದನ್ನು ಹಾರಿಸಿಯೇ ತೋರಿಸಿದವನು ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣ. ರೈಟ್ ಸೋದರರ ವಿಮಾನ ಹಾರುವುದಕ್ಕೆ 32 ವರ್ಷಗಳ ಮೊದಲು, 1871ರಲ್ಲಿ, ಪ್ಯಾರಿಸಿನ ತ್ವಿಲೆರಿ ಉದ್ಯಾನದಲ್ಲಿ ಅವನು ಕೇವಲ 16 ಗ್ರಾಂ ತೂಕದ ಮಾದರಿಯೊಂದನ್ನು ಹಾರಿಸಿದನು. ಹುರಿಗೊಳಿಸಿದ ರಬ್ಬರು ಅದರ ಪ್ರೊಪೆಲರನ್ನು ತಿರುಗಿಸುತ್ತಿದ್ದಿತು. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ದೂರ ನೆಟ್ಟಗೆ ಹಾರಿತು. ಅದರಲ್ಲಿ ರೇಡಿಯೋ ಇರಲಿಲ್ಲ, ನಡೆಸುವವನಿರಲಿಲ್ಲ. ಬಾಲದ ರೆಕ್ಕೆಯನ್ನು ತುಸು ಇಳಿಕೋನದಲ್ಲಿ ಕೂಡಿಸಿದ್ದ ಜಾಣತನವೇ ಅದನ್ನು ನಡೆಸಿತು. ಇದನ್ನು ಹೇಳಿದಾಗ ಹುಡುಗನು ತನ್ನ ಪ್ರೇಷಕವನ್ನೊಮ್ಮೆ, ಅಂಟು ಒಣಗುತ್ತಿದ್ದ ಬಾಲವನ್ನೊಮ್ಮೆ ನೋಡಿ, "ಹಾಗಾದರೆ ಹಾರುವುದು ಇದು, ಎಲ್ಲಿಗೆ ಎಂದು ಹೇಳುವುದಷ್ಟೇ ಅದು" ಎಂದನು. ನನಗೂ ಆ ವಿಷಯ ಅಷ್ಟು ಸ್ಪಷ್ಟವಾಗಿ ಹೊಳೆದುದು ಆಗಲೇ.

ಬ್ಯಾಟರಿಯನ್ನು ಮೂತಿಯತ್ತ ಆದಷ್ಟು ಸರಿಸಿದೆವು. ಅದು ಸಾಲದೆ 40 ಗ್ರಾಂ ಸೀಸವನ್ನು ಮೋಟಾರಿನ ಕೆಳಗೆ ಬಿಗಿದೆವು. ಮರುದಿನ ಕೈಯಿಂದ ಬಿಟ್ಟಾಗ ಆ 840 ಗ್ರಾಮಿನ ವಿಮಾನವು ಕೆರೆಯಂಗಳದ ಮೇಲೆ ಗೆರೆ ಎಳೆದಂತೆ ತೇಲಿ, ದೂರದಲ್ಲಿ ಹೊಟ್ಟೆಯ ಮೇಲೆ ಇಳಿಯಿತು.

ಆ ಬಳಿಕವೇ ಮೋಟಾರನ್ನು ನಡೆಸಿದ್ದು. ತಿರುಗುವ ಪ್ರೊಪೆಲರು ಬೆರಳನ್ನು ಕತ್ತರಿಸಬಲ್ಲದು. ಬ್ಯಾಟರಿಯು ಲೀಥಿಯಂನದು, ಚುಚ್ಚಿದರೆ ಅಥವಾ ಮಿತಿಮೀರಿ ತುಂಬಿಸಿದರೆ ಹೊತ್ತಿಕೊಳ್ಳುವಂಥದು. ಎರಡನ್ನೂ ಹಿರಿಯರ ಎದುರಿನಲ್ಲಿಯೇ ಬಳಸತಕ್ಕದ್ದು. ಚುಕ್ಕಾಣಿ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ನೋಡಿಕೊಂಡು ವಿಮಾನವನ್ನು ಬಿಟ್ಟೆವು. ಅದು ಏರಿತು. ಕುರಿಯ ಮುದುಕನು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತ ನಿಂತನು. ಐವತ್ತು ಅರುವತ್ತು ಮೀಟರ್ ಎತ್ತರದಲ್ಲಿ ಹುಡುಗನು ಅದನ್ನು ನಮ್ಮತ್ತ ತಿರುಗಿಸಿದನು. ಹೊಸಬರಿಗೆ ಗಂಡಾಂತರ ಕಾದಿರುವುದು ಇಲ್ಲಿಯೇ. ವಿಮಾನವು ನಮಗೆ ಎದುರಾಗಿ ಬರುವಾಗ ಅದರ ಎಡವು ನಮ್ಮ ಬಲವಾಗುತ್ತದೆ. ಬಲಕ್ಕೆ ವಾಲಿದಂತೆ ಕಂಡ ವಿಮಾನವನ್ನು ನೆಟ್ಟಗೆ ಮಾಡಲು ಅವನು ಹಿಡಿಕಡ್ಡಿಯನ್ನು ಎಡಕ್ಕೆ ಎಳೆದನು. ಅದು ಇನ್ನಷ್ಟು ವಾಲಿತು. ಮತ್ತೂ ಎಳೆದನು. ವಿಮಾನವು ಸುರುಳಿ ಸುತ್ತುತ್ತ ಇಳಿಯತೊಡಗಿತು. ಎದುರಾಗಿ ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿಯನ್ನು ಎಳೆಯಬೇಕೆಂದು ನಾನು ಮೊದಲೇ ಹೇಳಿದ್ದೆನು. ಆದರೆ ಎರಡು ದೀಪಾವಳಿಗಳ ಹಣ ಕಣ್ಣೆದುರಿಗೆ ಬೀಳುತ್ತಿರುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

"ಮೋಟಾರು ನಿಲ್ಲಿಸು. ಕಡ್ಡಿಗಳನ್ನು ಬಿಟ್ಟುಬಿಡು" ಎಂದು ಕೂಗಿದೆನು.

ಅವನು ಬಿಟ್ಟನು. ಬಿಡುವುದು ಅವನಿಗೆ ಎಷ್ಟು ಕಷ್ಟವಾಯಿತೆಂಬುದು ಅವನ ಮುಖದಲ್ಲಿಯೇ ಕಾಣುತ್ತಿದ್ದಿತು. ವಿಮಾನವು ಇನ್ನೂ ಅರ್ಧ ಸುತ್ತು ಇಳಿಯಿತು. ಅವನಿಗೆ ಅಂದವೆನಿಸದಿದ್ದ ಆ ಎತ್ತಿದ ರೆಕ್ಕೆಗಳ ಕೆಲಸ ಆಗ ಆರಂಭವಾಯಿತು. ವಾಲಿದ ವಿಮಾನವು ತಗ್ಗಿದ ಕಡೆಗೆ ಜಾರುತ್ತದೆ. ಜಾರುವಾಗ ಆ ಕಡೆಯ ರೆಕ್ಕೆಗೆ ಗಾಳಿಯು ಹೆಚ್ಚಿನ ಕೋನದಲ್ಲಿ ತಾಗಿ ಅದನ್ನು ಮೇಲಕ್ಕೆತ್ತುತ್ತದೆ. ಹಾಗೆ ಒಂದು ರೆಕ್ಕೆ ಎದ್ದಿತು, ಇನ್ನೊಂದು ತಗ್ಗಿತು, ಎರಡೂ ಸಮವಾದವು. ಮೂತಿಯು ನಿಧಾನವಾಗಿ ಮೇಲೆದ್ದಿತು. ನೆಲದಿಂದ ಎರಡಾಳಿನ ಎತ್ತರದಲ್ಲಿ ನಮ್ಮ ವಿಮಾನ, ಯಾರ ಆಜ್ಞೆಯೂ ಇಲ್ಲದೆ, ಕೆರೆಯಂಗಳದ ಉದ್ದಕ್ಕೂ ನೆಟ್ಟಗೆ ತೇಲಿಹೋಗಿ ಒಣಗಿದ ಹೆಂಟೆಗಳ ನಡುವೆ ಕುಳಿತಿತು.

ನಾವು ಓಡಿಹೋಗುವಷ್ಟರಲ್ಲಿ ಮುದುಕನು ಅಲ್ಲಿಗೆ ಬಂದಿದ್ದನು. ಪ್ರೊಪೆಲರಿನ ಒಂದು ಅಲಗು ಮುರಿದಿದ್ದಿತು. ಬೇರೆ ಯಾವ ಕೆಡುಕೂ ಆಗಿರಲಿಲ್ಲ. ಹುಡುಗನು ಮಂಡಿಯೂರಿ ಕುಳಿತು ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿದನು. ಇಪ್ಪತ್ತೆರಡೂ ಸರಿಯಾಗಿದ್ದವು. ಬಳಿಕ ಚೀಲದಿಂದ ಇನ್ನೊಂದು ಪ್ರೊಪೆಲರನ್ನು ತೆಗೆದು, "ಚಿಕ್ಕಪ್ಪ, ಅಪ್ಪ ಎದ್ದಿರಬಹುದೇ? ಅವರನ್ನೂ ಕರೆದುಕೊಂಡು ಬರೋಣವೇ?" ಎಂದು ಕೇಳಿದನು.